ತಿಂಗಳಿಗೆ ನಲವತ್ತು ಕಂಬಳಿ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ನಾನು ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ಒಂದು ಅರಣ್ಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಮನೆಯಲ್ಲಿ ಕನ್ನಡ, ಓದಿದ್ದು ತಮಿಳು, ಕಚೇರಿಯ ಅರ್ಧ ಕಾಗದ ಇಂಗ್ಲಿಷ್. ಮೂರರ ನಡುವೆ ಓಡಾಡುವುದು ನಮ್ಮೂರಿನವರಿಗೆ ದೊಡ್ಡ ವಿಷಯವಲ್ಲ. ಆದರೆ ಅದರಿಂದಾಗಿಯೇ ಒಂದು ಒಳ್ಳೆಯ ಕೆಲಸದಲ್ಲಿ ನನಗೂ ಪಾಲು ಸಿಕ್ಕಿತು.

ಕಚೇರಿಗೆ ಟಾರ್ಚ್ ಬೇಕಾಗಲಿ, ಬೂಟು ಬೇಕಾಗಲಿ, ನಾವು ಅಂಗಡಿಗೆ ಹೋಗಿ ಕೊಳ್ಳುವಂತಿರಲಿಲ್ಲ. ವರ್ಷಕ್ಕೊಮ್ಮೆ ಮೇಲಿನ ಕಚೇರಿಯವರು ಮಾರುವವರನ್ನು ಕರೆಸಿ, ಮಾದರಿ ನೋಡಿ, ದರ ಮಾತಾಡಿ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಒಪ್ಪಿದ ಸರಕು, ಕೊಡುವವರ ಹೆಸರು, ದರ ಎಲ್ಲವೂ ಒಂದು ಪಟ್ಟಿಯಲ್ಲಿ ಬರುತ್ತಿತ್ತು. ಆಮೇಲೆ ವರ್ಷವಿಡೀ ಯಾವ ಕಚೇರಿಯವರು ಒಂದು ಕಾಗದ ಬರೆದರೂ ಅದೇ ದರಕ್ಕೆ ಸರಕು ಬರಬೇಕು. ಇದಕ್ಕೆ ರೇಟ್ ಕಾಂಟ್ರಾಕ್ಟ್ ಎನ್ನುತ್ತಿದ್ದೆವು. ನನಗೆ ಅದು ಕಚೇರಿಗಳಿಗೆ ಹಂಚಲು ಟೈಪ್ ಮಾಡಿ ಬೆರಳು ನೋಯಿಸಿಕೊಳ್ಳುವ ಉದ್ದನೆಯ ಪಟ್ಟಿ, ಅಷ್ಟೇ. ಅದರ ಹಿಂದೆ ಮನುಷ್ಯರಿದ್ದಾರೆ ಎಂದು ತೋರಿಸಿದವರು ನಮ್ಮ ಹೆಡ್ ಕ್ಲರ್ಕ್.

ಅವರು ಕೃಷ್ಣಗಿರಿಯವರು, ಮನೆಮಾತು ತೆಲುಗು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಮಾತು ಕಡಿಮೆ. ಒಂದು ಕಾಗದವನ್ನು ಎರಡು ಸಲ ಓದದೆ ಅವರು ಸಹಿಗೆ ಇಟ್ಟದ್ದನ್ನು ನಾನು ನೋಡಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಜವಳಗಿರಿ ಕಡೆಯ ಒಬ್ಬ ಕಾವಲುಗಾರ ಒದ್ದೆಯಾದ ಹೊದಿಕೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಪಟ್ಟಿಯಂತೆ ದೂರದ ಊರಿನಿಂದ ತರಿಸಿ ಕೊಟ್ಟಿದ್ದ ಹತ್ತಿಯ ಹೊದಿಕೆ ಅದು.

"ಇದು ಹೊದ್ಕಂಡ್ರೆ ಮಳೆ ನಿಂತ್ಮೇಲೂ ಮೈಮೇಲೆ ಮಳೆ ಇರ್ತದೆ ಸಾಮಿ," ಅಂದ. "ಆನೆ ಬಂದ್ರೆ ಓಡಾನ ಅಂದ್ರೆ ಚಳೀಗೆ ಕಾಲೇ ಏಳಾಕಿಲ್ಲ. ಡೆಂಕಣಿಕೋಟೆ ಪಕ್ಕ ನೇಯ್ತಾರಲ್ಲ, ಆ ಕಂಬ್ಳಿ ಕೊಡ್ಸಿ."

"ಪಟ್ಟಿಯಲ್ಲಿ ಕಂಬಳಿ ಇಲ್ಲ," ಅಂದೆ ನಾನು. ಕೇಳಿದ್ದಕ್ಕೆ ಉತ್ತರ ಕೊಟ್ಟೆ ಎಂದುಕೊಂಡು ಮತ್ತೆ ಟೈಪ್ ಮಾಡತೊಡಗಿದೆ.

ಹೆಡ್ ಕ್ಲರ್ಕ್ ಕನ್ನಡಕ ತೆಗೆದರು. "ಇಲ್ಲ, ನಿಜ. ಹಂಗಾದ್ರೆ ಪಟ್ಟಿಗೆ ಬರೋ ಹಂಗೆ ಮಾಡ್ಬೇಕಲ್ಲಮ್ಮ," ಅಂದರು.

ಅದಕ್ಕೆ ಅವರಿಗೆ ಎಂಟು ತಿಂಗಳು ಹಿಡಿಯಿತು. ಡೆಂಕಣಿಕೋಟೆ ಪಕ್ಕದ ಆ ಹಳ್ಳಿಯಲ್ಲಿ ಕಂಬಳಿ ನೇಯುವ ಹನ್ನೊಂದು ಮನೆಗಳು ಸೇರಿ ಒಂದು ಸಂಘ ಮಾಡಿಕೊಂಡಿದ್ದವು. ಸಂಘದ ಅಧ್ಯಕ್ಷ ವಯಸ್ಸಾದ ನೇಕಾರ. ಕಚೇರಿಗೆ ಬಂದರೆ ಗೋಡೆಗೆ ಒರಗಿ ನಿಲ್ಲುವುದಷ್ಟೇ ಅವರ ಕೆಲಸ. ಮಾತೆಲ್ಲ ಅವರ ಹೆಂಡತಿಯದು. ಓದು ಬಾರದ ಆಕೆ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು, ತಮಿಳಿನ ಅರ್ಜಿಯ ಒಂದೊಂದು ಸಾಲನ್ನೂ ನನ್ನ ಬಾಯಿಂದ ಕನ್ನಡದಲ್ಲಿ ಕೇಳಿಸಿಕೊಂಡರು. ಅರ್ಥವಾಗದ ಕಡೆ "ಅಂಗಂದ್ರೆ ಏನವ್ವ?" ಎಂದು ನಿಲ್ಲಿಸುತ್ತಿದ್ದರು. ನಾನೂ ಅರ್ಥವಾಗದೆ ಓದುತ್ತಿದ್ದ ಸಾಲುಗಳು ಎಷ್ಟಿವೆ ಎಂದು ಆಗಲೇ ನನಗೆ ಗೊತ್ತಾದದ್ದು.

ಮಾದರಿ ಕಂಬಳಿ ತಂದ ದಿನ ಹೆಡ್ ಕ್ಲರ್ಕ್ ಅದನ್ನು ಅಂಗಳದಲ್ಲಿ ನಾಲ್ಕು ಜನರಿಂದ ಹಿಡಿಸಿ, ನಡುವೆ ಒಂದು ಕೊಡ ನೀರು ಸುರಿದರು. ನೀರು ಕೊಳದ ಹಾಗೆ ನಿಂತಿತು. ಎಷ್ಟೋ ಹೊತ್ತಿನ ಮೇಲೆ ಅಡಿಯಲ್ಲಿ ಒಂದೊಂದು ಹನಿ ಕಾಣಿಸಿತು. ಆಮೇಲೆ ಒಣಗಿದ ಇನ್ನೊಂದು ಕಂಬಳಿಯನ್ನು ಮೇಜಿನ ಮೇಲೆ ಹಾಸಿ ಕತ್ತರಿ ತಂದರು.

"ನೇಯ್ದ ಕಂಬ್ಳಿಗೆ ಕತ್ರಿ ಹಾಕ್ತೀರಾ ಸಾಮಿ?" ಆಕೆಯ ಮುಖ ಸಣ್ಣಗಾಯಿತು.

"ಅರ್ಧ ನಮ್ಮತ್ರ, ಅರ್ಧ ನಿಮ್ಮತ್ರ. ಎರಡಕ್ಕೂ ಅರಗಿನ ಮುದ್ರೆ. ನಾಳೆ ಕಂಬಳಿ ತೆಳ್ಳಗಿದೆ ಅಂತ ನಾನಂದೆ, ಇಲ್ಲ ಅಂತ ನೀವಂದ್ರಿ. ಆಗ ಇದೇ ಸಾಕ್ಷಿ. ನಾನು ಸುಳ್ಳು ಹೇಳಿದ್ರೂ ಇದೇ ಸಾಕ್ಷಿ."

ಆಕೆ ತಾವೇ ಅಂಚನ್ನು ಬಿಗಿಯಾಗಿ ಎಳೆದು ಹಿಡಿದು, "ನೆಟ್ಟಗೆ ಕತ್ರಿಸಿ," ಅಂದರು.

ದರದ ಮಾತುಕತೆ ಕೃಷ್ಣಗಿರಿಯ ದೊಡ್ಡ ಕಚೇರಿಯಲ್ಲಿ. ಅಲ್ಲಿನ ಅಧಿಕಾರಿಗೆ ಕನ್ನಡ ಬಾರದು. ಅವರ ತಮಿಳನ್ನು ಆಕೆಗೂ ಆಕೆಯ ಕನ್ನಡವನ್ನು ಅವರಿಗೂ ದಾಟಿಸಲು ಹೆಡ್ ಕ್ಲರ್ಕ್ ನನ್ನನ್ನು ಕರೆದುಕೊಂಡು ಹೋದರು. ಅಧಿಕಾರಿ ಐದು ರೂಪಾಯಿ ಇಳಿಸಿ ಎಂದರು. ಆಕೆ ಚೌಕಾಸಿಗೆ ಇಳಿಯಲಿಲ್ಲ.

"ದರ ಇಳಿಸಿದ್ರೆ ಕಂಬ್ಳಿ ತೆಳ್ಳಗಾಯ್ತದೆ. ಅದು ಬೇಡ ಅಂತ್ಲೇ ತಾನೇ ನಮ್ಮನ್ನ ಕರ್ದಿದ್ದು?" ಎಂದು ಕೇಳಿ, "ಆದ್ರೆ ಒಂದು ಕೆಲ್ಸ ಮಾಡ್ಲಿ. ಕುರಿ ಉಣ್ಣೆ ಕತ್ರಿಸೋ ಕಾಲಕ್ಕೇ ಇಷ್ಟು ಬೇಕು ಅಂತ ಏಳ್ಬುಡ್ಲಿ. ಆಗ ಉಣ್ಣೆ ಅಗ್ಗ. ನಮಗೆ ಉಳಿಯೋದ್ರಾಗೆ ಎರಡು ರೂಪಾಯಿ ಅವ್ರಿಗೆ ಬಿಡ್ತೀವಿ," ಎಂದರು.

ನಾನು ಅದನ್ನು ತಮಿಳಿನಲ್ಲಿ ಹೇಳಿದಾಗ ಅಧಿಕಾರಿ ಪೆನ್ನು ಕೆಳಗಿಟ್ಟು ಆಕೆಯನ್ನು ನೋಡಿದರು. ಮುಂಗಡವಾಗಿ ಮಾತಾಡಿಕೊಳ್ಳುವುದರಿಂದ ಇಬ್ಬರಿಗೂ ಏನು ಲಾಭ ಎಂಬುದನ್ನು ಅಷ್ಟು ಚಿಕ್ಕದಾಗಿ ಅವರಿಗೆ ಯಾರೂ ಹೇಳಿರಲಿಲ್ಲವೇನೋ. ಒಪ್ಪಿದರು.

"ತಿಂಗಳಿಗೆ ಎಷ್ಟು ಕೊಡಬಲ್ಲಿರಿ?" ಎಂದು ಹೆಡ್ ಕ್ಲರ್ಕ್ ಕೇಳಿದರು. ಆಕೆ ಬೆರಳು ಮಡಚುತ್ತಾ ನೂಲುವ ಹೆಂಗಸರನ್ನು ಎಣಿಸಿದರು. ಒಬ್ಬಳು ಬಸುರಿ, ಒಬ್ಬಳಿಗೆ ಕಣ್ಣು ಮಂಜು, ಇಬ್ಬರು ರಾಗಿ ಕುಯ್ಲಿಗೆ ಹೋಗುವವರು. "ನಲ್ವತ್ತು. ಅದ್ರ ಮೇಲೆ ಒಂದೂ ಆಗಾಕಿಲ್ಲ." ಹೆಡ್ ಕ್ಲರ್ಕ್ ಅದನ್ನು ಬರೆದುಕೊಂಡರು.

ಪಟ್ಟಿಗೆ ಸೇರಿಸುವ ಆ ಹೊಸ ಪುಟವನ್ನು, ಪ್ರತಿಗಳನ್ನು ತೆಗೆಯುವ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿದವಳು ನಾನು. ಸರಕು, ಅಳತೆ, ತೂಕ, ದರ ಎಲ್ಲ ಹೊಡೆದೆ. ಜಾಗ ಸಾಲದೆ 'ತಿಂಗಳಿಗೆ ನಲವತ್ತಕ್ಕೆ ಮೀರದಂತೆ' ಎಂಬ ಕೊನೆಯ ಸಾಲನ್ನು ಬಿಟ್ಟೆ. ಅದು ಮುಖ್ಯವೆಂದು ನನಗೆ ಅನಿಸಲಿಲ್ಲ. ಹೆಡ್ ಕ್ಲರ್ಕ್ ಎರಡನೆಯ ಸಲ ಓದುವಾಗ ಹಿಡಿದರು.

"ಒಂದೇ ಸಾಲು ಸಾರ್," ಅಂದೆ.

"ಆ ಸಾಲಲ್ಲಿ ಹನ್ನೊಂದು ಮನೆ ಇದೆಯಮ್ಮ," ಅಂದರು. ಗದರಲಿಲ್ಲ. ಹೊಸ ಸ್ಟೆನ್ಸಿಲ್ ತಾವೇ ತಂದು ನನ್ನ ಮುಂದಿಟ್ಟರು. ಪೂರ್ತಿ ಪುಟವನ್ನು ಮತ್ತೆ ಹೊಡೆದೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಅವರ ಮಾತಿನ ಅರ್ಥ ಎರಡನೆಯ ವರ್ಷ ತಿಳಿಯಿತು. ಕಂಬಳಿಯ ಸುದ್ದಿ ಹರಡಿ, ಬೆಟ್ಟದ ಮೇಲಿನ ಇನ್ನೊಂದು ಕಚೇರಿಯ ಅಧಿಕಾರಿ ಪಟ್ಟಿಯಲ್ಲಿ ದರವನ್ನಷ್ಟೇ ನೋಡಿ, ಒಂದೇ ತಿಂಗಳಲ್ಲಿ ಮುನ್ನೂರು ಕಂಬಳಿ ಕೊಡಬೇಕೆಂದು ಸಂಘಕ್ಕೆ ಕಾಗದ ಬರೆದರು. ಕೊಡದಿದ್ದರೆ ಒಪ್ಪಂದವೇ ರದ್ದು ಎಂದಿತ್ತು. ಗಂಡ ಹೆಂಡತಿ ಇಬ್ಬರೂ ಆ ಕಾಗದ ಹಿಡಿದು ಮೊದಲ ಬಸ್ಸಿಗೇ ಬಂದರು.

"ಒಬ್ಬ ಯಾಪಾರಿ ಬಂದಿದ್ದ," ಆಕೆ ಹೇಳಿದರು. "ಮಿಲ್ಲಿನ ಕಂಬ್ಳಿ ಲಾರಿಗಟ್ಲೆ ತಂದಾಕ್ತೀನಿ, ನಿಮ್ ಸಂಘದ ಮುದ್ರೆ ಹೊಡ್ದು ಕಳ್ಸಿ ಅಂದ. ನಮ್ ಅರ್ಧ ಕಂಬ್ಳಿ ಅಲ್ಲಿ ಬೀರುನಾಗೆ ಕುಂತೈತೆ ಕಣಪ್ಪ, ಅದ್ಕೆ ಏನಂತ ಜವಾಬು ಏಳಾನ ಅಂದೆ. ಹೊಂಟೋದ."

ಗೋಡೆಗೆ ಒರಗಿದ್ದ ಅಧ್ಯಕ್ಷರು ಅಂದು ಮೊದಲ ಬಾರಿಗೆ ಬಾಯಿ ಬಿಟ್ಟರು. "ಒಪ್ಪಂದ ಓದ್ರೆ ಓಗ್ಲಿ ಸಾಮಿ. ಬ್ಯಾರೆಯೋರ ಕಂಬ್ಳಿಗೆ ನಮ್ ಮುದ್ರೆ ಆಗಾಕಿಲ್ಲ."

"ಒಪ್ಪಂದ ಎಲ್ಲೂ ಹೋಗಲ್ಲ," ಅಂದರು ಹೆಡ್ ಕ್ಲರ್ಕ್. ನಲವತ್ತರ ಆ ಸಾಲನ್ನು ತೋರಿಸಿ ಆ ಅಧಿಕಾರಿಗೆ ಒಂದು ಪತ್ರ ಬರೆಸಿದರು. ಅದನ್ನು ಟೈಪ್ ಮಾಡುವಾಗ ಆ ಸಾಲು ಇಲ್ಲದೆ ಪುಟ ಹೊರಟುಹೋಗಿದ್ದರೆ ಎಂಬ ಯೋಚನೆ ತಲೆಯಿಂದ ಹೋಗಲಿಲ್ಲ.

ವಾರದೊಳಗೆ ಆ ಅಧಿಕಾರಿಯೇ ಜೀಪಿನಲ್ಲಿ ಬಂದಿಳಿದರು. ಒಬ್ಬ ಗುಮಾಸ್ತ ತಮಗೆ ನಿಯಮ ಹೇಳುವುದೇ ಎಂದು ಬಾಗಿಲಲ್ಲೇ ಕೇಳಿದರು. ಹೆಡ್ ಕ್ಲರ್ಕ್ ಎದ್ದು ನಿಂತು, ಕುರ್ಚಿ ಎಳೆದು ಕೊಟ್ಟು, ಪಟ್ಟಿಯ ಪುಟವನ್ನು ಮುಂದಿಟ್ಟರು. ಅವರು ಓದಿದ ಮೇಲೆ ತಮಿಳಿನಲ್ಲಿ ಇಷ್ಟೇ ಹೇಳಿದರು: "ಈ ಕಂಬಳಿ ಕೈಯಿಂದ ಆಗುವುದು. ಕೈಗಳು ಇಷ್ಟೇ ಇವೆ. ಅವಸರ ಮಾಡಿದರೆ ನಿಮಗೆ ಬರುವುದು ಕಂಬಳಿ, ಆದರೆ ಈ ಕಂಬಳಿಯಲ್ಲ."

ಅಧಿಕಾರಿ ಕೆಟ್ಟವರಲ್ಲ. ತಮ್ಮ ಜನರ ಚಳಿ ನೆನೆದೇ ಅವಸರ ಪಟ್ಟವರು. ಆ ಪುಟವನ್ನು ಇನ್ನೊಮ್ಮೆ ಓದಿ, "ಹಾಗಾದರೆ ಎಲ್ಲಕ್ಕಿಂತ ಎತ್ತರದಲ್ಲಿ ಕಾವಲಿರುವವರಿಗೆ ಮೊದಲು ಕೊಡೋಣ. ಉಳಿದದ್ದು ತಿಂಗಳು ತಿಂಗಳು ಬರಲಿ," ಎಂದು ತಾವೇ ಹಳೆಯ ಕಾಗದ ಹಿಂದಕ್ಕೆ ಪಡೆದರು. ಜೀಪು ಹತ್ತುವ ಮೊದಲು ಕಾಫಿಯನ್ನೂ ಕುಡಿದರು.

ಹಲವು ವರ್ಷ ಆ ಒಪ್ಪಂದ ನಡೆಯಿತು. ಉಣ್ಣೆ ತುಟ್ಟಿಯಾದ ವರ್ಷವೂ ಸಂಘದವರು ದರ ಏರಿಸಿ ಎಂದು ಕೇಳಲಿಲ್ಲ. ಒಂದು ಕಂಬಳಿಯೂ ತೆಳ್ಳಗೆ ಬರಲಿಲ್ಲ.

ಎಂಬತ್ತರ ದಶಕದ ನಡುವೆ ಹೆಡ್ ಕ್ಲರ್ಕ್ ನಿವೃತ್ತರಾದರು. ಕೊನೆಯ ದಿನ ಆಕೆ ಕರಿ ಉಣ್ಣೆಯ ಒಂದು ಕಂಬಳಿ ತಂದು ಮೇಜಿನ ಮೇಲಿಟ್ಟರು. ಅದರ ಉಣ್ಣೆ ತಾವೇ ನೂತದ್ದು ಎಂದರು. ಸುಮ್ಮನೆ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಆಕೆಯೂ ಬಿಡಲಿಲ್ಲ.

"ಹೋಗ್ಲಿ, ಸರ್ಕಾರಿ ದರನಾದ್ರೂ ಕೊಡಿ," ಅಂದರು ಆಕೆ ಸೋತು.

"ಆ ದರ ನಂದಲ್ಲಮ್ಮ, ಕಾಡು ಕಾಯೋರದು. ನಾನು ನಾಳೆಯಿಂದ ಯಾರೋ ಒಬ್ಬ. ಸಂತೇಲಿ ಏನು ಬೆಲೆಯೋ ಅದು ಹೇಳಿ."

ಆಕೆ ಸರ್ಕಾರಿ ದರಕ್ಕಿಂತ ಹೆಚ್ಚಿದ್ದ ಸಂತೆಯ ಬೆಲೆ ಹೇಳಿದರು, ಅವರು ಕೊಟ್ಟರು. ಸಂಜೆ ನಾನು ಬಸ್ ನಿಲ್ದಾಣದವರೆಗೆ ಹೋದೆ. ಚಳಿ ಇರಲಿಲ್ಲ. ಆದರೂ ಅವರು ಕಂಬಳಿಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು, ಕೃಷ್ಣಗಿರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರು.