ನೆರಳಿಲ್ಲದ ತೋಪಿನ ಬಾಣಂತನ

ಮರದ ಕೆಳಗೆ ನಿಂತರೂ ನೆತ್ತಿ ಸುಡುತ್ತದೆ ಎಂದು ನನಗೆ ಗೊತ್ತಾದದ್ದು ಮಳವಳ್ಳಿಯಲ್ಲಿ. ಕುಂದಾಪುರದವಳು ನಾನು. ಮದುವೆಯಾಗಿ ಬಂದ ವಾರವೇ ಬಾಡಿಗೆ ಮನೆಯ ಹಿಂದಿನ ನೀಲಗಿರಿ ತೋಪಿಗೆ ತಂಪು ಹುಡುಕಿಕೊಂಡು ಹೋದೆ. ಎಲೆಗಳೆಲ್ಲ ಬಿಸಿಲಿಗೆ ಬರೀ ಅಂಚು ತೋರಿಸಿ ಜೋತುಬಿದ್ದಿದ್ದವು, ನೆರಳೇ ಇಲ್ಲ. ನಮ್ಮೂರಲ್ಲಿ ಯಾವ ಮರದ ಬುಡಕ್ಕೆ ಹೋದರೂ ಕಾಲಿಗೆ ತೇವ ತಾಗುತ್ತದೆ. ಇಲ್ಲಿ ನೆಲ ಹಪ್ಪಳದಂತೆ ಮುರಿಯುತ್ತಿತ್ತು. ಇದೆಂಥ ಊರಪ್ಪಾ ಅನ್ನಿಸಿ ಅಳುವೇ ಬಂತು.

ಗಂಡನಿಗೆ ಹತ್ತಿರದ ಬ್ಲಫ್ ಎಂಬಲ್ಲಿಯ ವಿದ್ಯುತ್ ಕೇಂದ್ರದಲ್ಲಿ ಪಾಳಿ ಕೆಲಸ. ಬೇಜಾರು ಕಳೆಯಲು ಹಿತ್ತಲಲ್ಲಿ ಹರಿವೆ ಬೀಜ ಹಾಕಿದೆ. ಊರಿನ ಅಭ್ಯಾಸದಂತೆ ತೋಪಿನ ತರಗೆಲೆ ಗುಡಿಸಿ ತಂದು ಮಡಿಗೆ ಹೊದಿಸಿದೆ. ಒಂದು ಮೊಳಕೆಯೂ ಏಳಲಿಲ್ಲ. ಮನೆಯ ಒಡತಿ ಸಾಕಮ್ಮ ನೋಡಿ ನಕ್ಕರು.

"ನೀಲಗಿರಿ ಎಲೆ ಆಕುದ್ರೆ ಉಲ್ಲೂ ಉಟ್ಟಾಕಿಲ್ಲ ಕಣವ್ವ. ಯಾರ್ ಏಳ್ಕೊಟ್ರು ನಿಂಗೆ?"

"ನಮ್ಮಮ್ಮ," ಅಂದೆ.

"ನಿಮ್ಮವ್ವಂಗೆ ನೀಲಗಿರಿ ಗೊತ್ತಿಲ್ಲ ಬುಡು."

ಇಲ್ಲಿಯ ಮಾತೇ ಹೀಗೆ, ಮುಖಕ್ಕೆ ಹೊಡೆದಂತೆ. ನಾನು ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟೆ. ಆಕೆಗೆ ಅದು ಗೊತ್ತೇ ಆಗಲಿಲ್ಲ.

ಆ ತೋಪು ಸಾಕಮ್ಮನದೇ. ಮಳೆ ಕೈಕೊಟ್ಟರೂ ನಿಲ್ಲುವ ಮರವೆಂದು ಹಾಕಿಸಿದ್ದು. ಈಗ, ನೆಲದ ನೀರೆಲ್ಲ ಕುಡಿಯಿತು ಎಂದು ದಿನಾ ಬೈಯುತ್ತಾರೆ. ಬೈದುಕೊಂಡೇ ಅದರ ಸಿಪ್ಪೆಯಲ್ಲಿ ಹಂಡೆ ಒಲೆ ಹೊತ್ತಿಸುತ್ತಾರೆ, ನೆಗಡಿಗೆ ಎಲೆಯ ಹಬೆ ಹಿಡಿಯುತ್ತಾರೆ, ಮನೆ ಕಟ್ಟುವವರು ತಾರಸಿಗೆ ಆಸರೆ ಕೊಡುವ ಊರೆ ಕೇಳಿಕೊಂಡು ಬಂದರೆ ನೆಟ್ಟನೆಯ ಕಂಬ ಕಡಿಸಿ ಕೊಡುತ್ತಾರೆ.

ಅಷ್ಟರಲ್ಲಿ ನಾನು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ಡಾಕ್ಟರು ಘಾಟಿ ಪ್ರಯಾಣ ಬೇಡವೆಂದರು. ಹಾಸಿಗೆ ಹಿಡಿದ ಅಜ್ಜಿಯನ್ನು ಬಿಟ್ಟು ಅಮ್ಮ ಬರುವಂತಿರಲಿಲ್ಲ. ಎಳೆ ಮಗುವಿಗೆ ನೀರೆರೆಯುವವರು ಯಾರು, ನನ್ನನ್ನು ನೋಡುವವರು ಯಾರು? ಹೆದರಿಕೆಯಿಂದ ನಿದ್ದೆ ಬರುತ್ತಿರಲಿಲ್ಲ.

"ಯಾಕವ್ವ ಅಳ್ತೀಯ? ನಾವೇನ್ ಸತ್ತೋಗಿದ್ದೀವಾ?" ಎಂದು ಸಾಕಮ್ಮ ಗದರಿದರು.

ಮಗಳು ಹುಟ್ಟಿದಳು. ದಿನಾ ಬೆಳಿಗ್ಗೆ ಸಾಕಮ್ಮ ತೋಪಿನಿಂದ ಒಂದು ತೆಕ್ಕೆ ಹಸಿ ಎಲೆ ತಂದು ಹಂಡೆಯಲ್ಲಿ ಕುದಿಸಿ, ನನ್ನ ಬೆನ್ನಿಗೆ ಚೊಂಬು ಚೊಂಬಾಗಿ ಎರೆದರು. ಎಲೆಯ ಘಾಟಿಗೆ ಕಣ್ಣು ಉರಿಯುತ್ತಿತ್ತು, ಮೈ ಮಾತ್ರ ಹೂವಾಗುತ್ತಿತ್ತು. ಊರಿನ ಕುಚ್ಚಲಕ್ಕಿ ಗಂಜಿಯ ಬದಲು ಮೆಣಸು ಬೆಳ್ಳುಳ್ಳಿ ಸಾರು. ಸುಖವಾಗಿದ್ದೆ, ಸುಳ್ಳು ಹೇಳುವುದಿಲ್ಲ.

ಐದು ತಿಂಗಳಿಗೆ ಮಗುವಿನೊಂದಿಗೆ ಕುಂದಾಪುರಕ್ಕೆ ಹೊರಟೆ. ಸಾಕಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ತುಂಬಿದರು. ಹೆತ್ತ ಮಗಳನ್ನು ತವರಿನಿಂದ ಗಂಡನ ಮನೆಗೆ ಕಳಿಸುವಾಗ ಕೊಡುವ ಮಡಿಲಕ್ಕಿ ಅದು.

"ನಾನು ಹೋಗ್ತಿರೋದೇ ತವರಿಗಲ್ವಾ?" ಎಂದೆ.

"ಓಗವ್ವ. ಬಾಣಂತಿನ ಬರೀ ಮಡ್ಲಲ್ಲಿ ಕಳ್ಸಕ್ಕಾಯ್ತದಾ?"

ಊರಲ್ಲಿ ಗಂಟು ಬಿಚ್ಚಿದಾಗ ಅಮ್ಮ ಆ ಅಕ್ಕಿಯನ್ನು ಬೊಗಸೆಯಲ್ಲಿ ಎತ್ತಿ ನೋಡಿದಳು.

"ಇದ್ ನಾನ್ ಕೊಡ್ಕಾದ್ದ್ ಅಲ್ದಾ ಮಗಾ?"

ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಿದೆ. ಮಳವಳ್ಳಿಗೆ ಹೊರಡುವ ದಿನ ಅಮ್ಮನೂ ನನ್ನ ಮಡಿಲು ತುಂಬಿದಳು, ಸಾಕಮ್ಮನಿಗಿಂತ ಒಂದು ಸೇರು ಹೆಚ್ಚೇ.