ಚಹಾ ಕೊಡುತ್ತಿದ್ದ ಕೋಣೆ

ಇಸ್ತ್ರಿಯ ಗೆರೆ ಮುರಿಯದ ಹತ್ತಿಯ ಸೀರೆ. ಅದರ ಅಂಚಿನ ಕೆಳಗೆ, ಆಟದ ಮೈದಾನಕ್ಕೆ ಇಳಿಯುವ ಮಕ್ಕಳು ಹಾಕಿಕೊಳ್ಳುವಂಥ ಬಿಳಿಯ ಕ್ಯಾನ್ವಾಸ್ ಬೂಟು. ಆರನೆಯ ತರಗತಿಗೆ ಹೊಸದಾಗಿ ಬರುವ ಮಕ್ಕಳ ಕುಟುಂಬಗಳಿಗೆ ಶಾಲೆಯನ್ನು ಪರಿಚಯಿಸುವ ದಿನ ಮೇಡಂ ಅವರನ್ನು ಕಂಡವರಿಗೆಲ್ಲ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಇದೇ. ಬೆಳಗಿನಿಂದ ಮಧ್ಯಾಹ್ನದವರೆಗೆ ತಂಡ ತಂಡವಾಗಿ ಜನರನ್ನು ಕರೆದುಕೊಂಡು ಅವರು ಮೂರು ಮಹಡಿ ಹತ್ತಿ ಇಳಿಯುತ್ತಿದ್ದರು. ಸೀರೆಗೂ ಬೂಟಿಗೂ ಹೊಂದುವುದಿಲ್ಲವೆಂದು ಯಾರೋ ತಾಯಿಯೊಬ್ಬರು ನಕ್ಕಾಗ, “ಸೀರೆ ನಿಮಗೆ ನೋಡ್ಲಿಕ್ಕೆ, ಬೂಟು ನನಗೆ ನಡೀಲಿಕ್ಕೆ” ಎಂದು ಹೇಳಿ ಮುಂದೆ ನಡೆದರು.

ದೋಹಾದ ಒಂದು ಭಾರತೀಯ ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗಿನ ವಿಭಾಗಕ್ಕೆ ಆ ಮೇಡಂ ಮೇಲ್ವಿಚಾರಕಿ. ಮಂಗಳೂರಿನ ಕಡೆಯವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ನಮ್ಮಂಥವರು ಸಿಕ್ಕರೆ ಕರಾವಳಿಯ ಕನ್ನಡ. ನಾನು ಅವರನ್ನು ಕಂಡಾಗ ವಯಸ್ಸು ಐವತ್ತರ ಆಸುಪಾಸು. ನನಗೆ ಎಪ್ಪತ್ತು ತುಂಬುತ್ತಿತ್ತು.

ನಾನು ಮೈಸೂರಿನ ಒಂದು ಸಂಸ್ಕೃತ ಪಾಠಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಪತ್ನಿ ಕಾಲವಾದ ಮೇಲೆ ಮಗ ನನ್ನನ್ನು ಕತಾರಿಗೆ ಕರೆಸಿಕೊಂಡ. ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ ಒಂದು ವಿಲ್ಲಾವನ್ನು ನಾಲ್ಕು ಮನೆಗಳಾಗಿ ವಿಂಗಡಿಸಿದ್ದರು, ಅದರಲ್ಲೊಂದು ನಮ್ಮದು. ದೋಹಾದ ಉತ್ತರಕ್ಕೆ ಲುಸೈಲಿನಲ್ಲಿ ಆಗಷ್ಟೇ ಹೊಸ ನಗರ ಏಳತೊಡಗಿತ್ತು, ಮಗನ ಹಗಲೆಲ್ಲ ಅಲ್ಲಿನ ಮರಳಿನಲ್ಲಿ, ಕಟ್ಟಡದ ಕೆಲಸದಲ್ಲಿ. ಸೊಸೆಗೂ ಕಚೇರಿ. ಸಂಜೆ, ಗೋಡೆಯ ಕಪಾಟಿನಲ್ಲಿ ಕೂರಿಸಿದ್ದ ದೇವರ ಮುಂದೆ ದೀಪ ಹಚ್ಚಿದ ಬಳಿಕ, ಮೊಮ್ಮಗಳಿಗೆ ನನ್ನಿಂದ ಪಾಠ. ನನ್ನ ಗುರುಗಳು ನನಗೆ ಹೇಳಿಕೊಟ್ಟ ಕ್ರಮದಲ್ಲೇ: ನಾನು ಒಂದು ಸಲ, ಅವಳು ಎರಡು ಸಲ. ಎರಡು ವರ್ಷಗಳಲ್ಲಿ ಆ ಮಗು ಸ್ತೋತ್ರದ ಮೇಲೆ ಸ್ತೋತ್ರ ಕಂಠಸ್ಥ ಮಾಡಿಕೊಂಡಳು. ಹ್ರಸ್ವ ದೀರ್ಘ ತಪ್ಪುತ್ತಿರಲಿಲ್ಲ, ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಶಾಲೆಯ ಲಿಖಿತ ಪರೀಕ್ಷೆಗಳಲ್ಲಿ ಮಾತ್ರ ಅಂಕ ಕಡಿಮೆ. ‘ಗಮನ ಸಾಲದು’ ಎಂದು ವರದಿಯಲ್ಲಿ ಬರೆದು ಕಳುಹಿಸುತ್ತಿದ್ದರು. ಇಷ್ಟನ್ನು ಬಾಯಲ್ಲಿ ಹಿಡಿದಿಟ್ಟವಳಿಗೆ ಗಮನವಿಲ್ಲವೆಂದರೆ ನಂಬುವುದು ಹೇಗೆ? ಕೊರತೆ ಶಾಲೆಯದೆಂದೇ ನಾನು ತಿಳಿದಿದ್ದೆ.

ಪರಿಚಯದ ದಿನ ಮಗನಿಗೆ ಬಿಡುವಾಗಲಿಲ್ಲ. ಸೊಸೆ, ಮೊಮ್ಮಗಳು, ನಾನು ಹೋದೆವು. ಸಭಾಂಗಣದಲ್ಲಿ ಮೇಡಂ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತನಾಡಿದರು. ಇನ್ನು ವಿಷಯಕ್ಕೊಬ್ಬ ಅಧ್ಯಾಪಕರು. ಪುಸ್ತಕಗಳು ದಪ್ಪವಾಗುತ್ತವೆ, ಮಕ್ಕಳು ತಾವೇ ಓದಿ ತಿಳಿಯಬೇಕಾದದ್ದು ಹೆಚ್ಚುತ್ತದೆ. ಸಂಜೆ ಆಟ, ನಾಟಕ, ಚರ್ಚೆ ಇವೆ, ಒಂದನ್ನಾದರೂ ಹಿಡಿಯಲೇಬೇಕು. ಸೊಸೆ ಮೆಲುದನಿಯಲ್ಲಿ ಇದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಆಮೇಲೆ ನಮ್ಮ ತಂಡ ಹೊರಟಿತು. ಹೆಚ್ಚಿನವರು ಕರ್ನಾಟಕದವರೆಂದು ತಿಳಿದು ಮೇಡಂ ಕನ್ನಡಕ್ಕೆ ತಿರುಗಿದರು.

ಪ್ರಯೋಗಾಲಯವನ್ನೋ ಕಂಪ್ಯೂಟರ್ ಕೋಣೆಯನ್ನೋ ಮೊದಲು ತೋರಿಸುತ್ತಾರೆಂದು ನಾವು ಎಣಿಸಿದ್ದೆವು. ಅವರು ನೇರವಾಗಿ ನಡೆದದ್ದು ನೆಲಮಹಡಿಯ ಒಂದು ಕೋಣೆಗೆ. ಓದು, ಬರಹ, ಲೆಕ್ಕಗಳಲ್ಲಿ ತೊಡಕಿರುವ ಮಕ್ಕಳನ್ನು ಬೇರೆಯಾಗಿ ಕೂರಿಸಿಕೊಂಡು ಹೇಳಿಕೊಡುವ ಕೋಣೆ ಅದು. ಬಾಗಿಲಲ್ಲೇ ಜನ ನಿಂತರು. ನಗರದಾಚೆಯ ಅಲ್ ವುಕೈರಿನಿಂದ ಬಂದಿದ್ದ ಕರಾವಳಿಯ ವ್ಯಾಪಾರಿಯೊಬ್ಬರು ನಗುತ್ತ ಹೇಳಿದರು:

“ಎಂತ ಮೇಡಂ, ನಮಗೆ ಲ್ಯಾಬ್ ತೋರಿಸಿ ಮಾರಾಯ್ರೆ. ಇದು ದಡ್ಡರ ಕೋಣೆ ಅಲ್ವಾ?”

“ಹೌದಾ? ಹಾಗಾದ್ರೆ ನೀವೇ ಮೊದ್ಲು ಬನ್ನಿ.”

ಎಲ್ಲರೂ ನಕ್ಕರು, ಆ ವ್ಯಾಪಾರಿಯೂ ನಕ್ಕರು. ಮೇಡಂ ಬಾಗಿಲನ್ನು ಇನ್ನಷ್ಟು ತೆರೆದರು. “ಬನ್ನಿ, ಬನ್ನಿ. ಚಹಾ ಇಲ್ಲಿ ಮಾತ್ರ ಉಂಟು. ಲ್ಯಾಬಲ್ಲಿ ಕೇಳಿದ್ರೆ ಆಸಿಡ್ ಕೊಡ್ತಾರೆ.”

ಹೀಗೆ ಪ್ರತಿವರ್ಷ ಪ್ರತಿಯೊಂದು ಕುಟುಂಬವೂ ಆ ಕೋಣೆಯ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎತ್ತಿಕೊಂಡು ಕುಳಿತು ಚಹಾ ಕುಡಿಯುತ್ತಿತ್ತಂತೆ. ಕಾರಣವನ್ನು ಅವರು ನನಗೆ ಬಹಳ ಕಾಲದ ಮೇಲೆ ಹೇಳಿದರು: “ಎಲ್ರೂ ಒಮ್ಮೆ ಕೂತ ಕುರ್ಚಿಯಲ್ಲಿ ಕೂರ್ಲಿಕ್ಕೆ ಆಮೇಲೆ ಯಾವ ಮಗುವಿಗೂ ನಾಚಿಕೆ ಆಗುದಿಲ್ಲ, ಮಾಸ್ಟ್ರೆ.”

ಚಹಾದ ನಡುವೆ ನಾನು ಸುಮ್ಮನಿರಲಿಲ್ಲ. ಮೊಮ್ಮಗಳ ವಿದ್ಯೆಯ ಮಾತು ತೆಗೆದು, ಜೇಬಿನಲ್ಲಿದ್ದ ಸ್ತೋತ್ರದ ಪುಸ್ತಕವನ್ನು ಅವಳ ಕೈಗಿತ್ತು, ಓದಮ್ಮ ಎಂದೆ. ಅವಳು ಪುಸ್ತಕ ಬಿಡಿಸಿ ನಿಂತು ಆರಂಭಿಸಿದಳು. ಪಾಠ ಒಪ್ಪಿಸಿಕೊಳ್ಳುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ನಮ್ಮ ಪರಂಪರೆಯಲ್ಲಿ ಪಾಠ ಕಿವಿಯ ವಿಷಯ, ಕಣ್ಣು ತೆರೆದರೆ ಚಿತ್ತ ಚದುರುತ್ತದೆಂಬ ನಂಬಿಕೆ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಅವಳ ಹಿಂದೆಯೇ ನಿಂತಿದ್ದರು. ಅವಳ ತಲೆಯ ಮೇಲೆ ಕೈಯಿಟ್ಟು, “ಎಷ್ಟು ಚಂದ ಹೇಳಿದೆ ಮಗಾ” ಎಂದರು. “ಯಲ್ಲಾ, ಹೊರಡುವ, ಚಹಾ ಖಲಾಸ್. ಇನ್ನು ಲ್ಯಾಬು” ಎಂದು ಹೊರಟೇಬಿಟ್ಟರು.

ತರಗತಿಗಳು ಆರಂಭವಾದ ಎರಡನೆಯ ವಾರ ಅವರಿಂದ ಕರೆ ಬಂತು. ಸೊಸೆಯೂ ನಾನೂ ಹೋದೆವು. ಮೇಜಿನ ಮೇಲೆ ಒಂದು ಒಪ್ಪಿಗೆ ಪತ್ರವಿತ್ತು: ಮೊಮ್ಮಗಳು ವಾರಕ್ಕೆ ನಾಲ್ಕು ಪಾಠದ ಅವಧಿ ಆ ನೆಲಮಹಡಿಯ ಕೋಣೆಗೆ ಬರಬೇಕು, ಅದಕ್ಕೆ ಮನೆಯವರ ಸಹಿ ಬೇಕು. ಮಗ ಹಿಂದಿನ ದಿನವೇ ಹೇಳಿದ್ದ, “ಅವಳ ಓದಿನ ವಿಷಯ ಅಪ್ಪನದು. ಅಪ್ಪ ಹೂಂ ಅಂದ್ರೆ ನಾನು ಸಹಿ ಹಾಕ್ತೀನಿ.” ಹಾಗಾಗಿ ಭಾರವೆಲ್ಲ ನನ್ನ ಮೇಲಿತ್ತು. ನನಗೆ ಸಿಟ್ಟು ಬಂತು.

“ಮೇಡಂ, ನಮ್ಮ ಹುಡುಗಿ ಬಾಯಲ್ಲಿ ಒಂದಕ್ಷರ ತಪ್ಪೋದಿಲ್ಲ. ನೀವೇ ಕೇಳಿದೀರಿ.”

“ಬಾಯಲ್ಲಿ ತಪ್ಪುದಿಲ್ಲ ಮಾಸ್ಟ್ರೆ. ನನಗೆ ಹೆದರಿಕೆ ಆದದ್ದೇ ಅದಕ್ಕೆ. ಅವತ್ತು ಅವಳು ಮೂರು ಪುಟದಷ್ಟು ಹೇಳಿದ್ಳು. ಪುಟ ಒಂದೂ ತಿರುಗಿಸ್ಲಿಲ್ಲ.”

“ಕಂಠಪಾಠ ಆದವರಿಗೆ ಪುಟ ಯಾಕಮ್ಮ?”

“ಸರಿ. ಕಂಠಪಾಠ ಆಗದ್ದನ್ನು ಕೊಡಿ. ನಾನು ತರಗತಿಯಲ್ಲಿ ಕೊಟ್ಟು ನೋಡಿದ್ದೇನೆ, ನನ್ನ ಮಾತು ಬೇಡ. ಇವತ್ತು ಸಂಜೆ ಒಂದು ಸಲ ಕಣ್ಣು ಬಿಟ್ಟು ಕೂತು ಕೇಳಿ. ಆಮೇಲೂ ಬೇಡ ಅಂದ್ರೆ ಈ ಕಾಗದ ನಾನೇ ಹರೀತೇನೆ. ಆದ್ರೆ ಒಂದು. ಈಗ ಬಿಟ್ರೆ ಈ ವರ್ಷದ ಪುಸ್ತಕದಲ್ಲಿ ಅವಳು ಮುಳುಗ್ತಾಳೆ. ಮುಳುಗಿದ ಮಕ್ಕಳು ತಮ್ಮನ್ನು ದಡ್ಡರು ಅಂತ್ಲೇ ನಂಬ್ತಾರೆ. ಆಮೇಲೆ ನಾನೂ ನೀವೂ ಹೇಳಿದ್ರೆ ಕೇಳುದಿಲ್ಲ.”

ಆ ಸಂಜೆ ದೀಪ ಹಚ್ಚಿದ ಮೇಲೆ ಅವಳು ಎಂದೂ ಕೇಳಿರದ ಒಂದು ಸಣ್ಣ ಶ್ಲೋಕದ ಪುಟ ತೆರೆದು ಅವಳ ಮುಂದಿಟ್ಟೆ. ಕಣ್ಣು ಮುಚ್ಚಲಿಲ್ಲ. ಅವಳ ಬೆರಳು ಮೊದಲ ಅಕ್ಷರದ ಕೆಳಗೆ ನಿಂತಿತು, ನಿಂತೇ ಇತ್ತು. ಮೇಲ್ದುಟಿಯ ಮೇಲೆ ಬೆವರು ಮೂಡಿತು. ಒಮ್ಮೆ ನನ್ನ ಮುಖ ನೋಡಿದಳು. ನನ್ನ ಕಣ್ಣು ತೆರೆದಿರುವುದು ಕಂಡು ಬೆದರಿದಳು. ಆಮೇಲೆ ಎಂದಿನ ಮೃದುವಾದ ದನಿಯಲ್ಲಿ ಹೇಳಿದಳು:

“ತಾತ, ನೀವು ಒಂದು ಸಲ ಹೇಳಿ. ಆಮೇಲೆ ನಾನು ಓದ್ತೀನಿ.”

ಈ ಮಾತನ್ನು ನಾನು ಎರಡು ವರ್ಷದಿಂದ ಪ್ರತಿ ಸಂಜೆ ಕೇಳಿದ್ದೆ. ಗುರುಮುಖದಿಂದ ಮೊದಲು ಬರಲೆಂಬ ಶಿಷ್ಯೆಯ ವಿನಯ ಇದೆಂದು ತಿಳಿದು, ಮೈಸೂರಿನ ಮಿತ್ರರಿಗೆ ಬರೆದೂ ಇದ್ದೆ. ಆ ಮಗು ಎರಡು ವರ್ಷ ನನ್ನೆದುರೇ ಕುಳಿತು ಒಬ್ಬಳೇ ಹೆದರಿದ್ದಳು. ಪುಸ್ತಕ ಮುಚ್ಚಿ ಅವಳನ್ನು ಹತ್ತಿರ ಕೂರಿಸಿಕೊಂಡೆ. “ಅಕ್ಷರ ಹೇಗೆ ಕಾಣುತ್ತಮ್ಮ?” ಎಂದು ಕೇಳಿದೆ. “ನಿಂತ್ಕೊಳಲ್ಲ ತಾತ, ಜಾರ್ತವೆ” ಎಂದಳು. ಮಗ ಬಂದೊಡನೆ ಸಹಿ ಹಾಕೆಂದೆ.

ಪಕ್ಕದ ಮನೆಯಾಕೆಗೆ ಸುದ್ದಿ ತಿಳಿಯಲು ತಡವಾಗಲಿಲ್ಲ. “ಸಂಸ್ಕೃತ ಪಂಡಿತರ ಮೊಮ್ಮಗಳಿಗೆ ಸ್ಪೆಷಲ್ ಕ್ಲಾಸಂತೆ?” ಎಂದು ಆಕೆ ಸೊಸೆಯನ್ನು ಕೇಳಿದರು. ಸದಾ ಮೃದುವಾಗಿರುವ ನನ್ನ ಸೊಸೆ, “ಹೌದು, ಪಂಡಿತರಿಗೂ ಅಲ್ಲೇ ಕ್ಲಾಸು” ಎಂದಳಂತೆ.

ಅದು ಸುಳ್ಳಾಗಿರಲಿಲ್ಲ. ಮೇಡಂ ನನ್ನನ್ನು ಗುರುವಾರಗಳಂದು ಬರಹೇಳಿದ್ದರು. “ನಿಮ್ಮ ಪಾಠ ಬಿಡ್ಬೇಡಿ ಮಾಸ್ಟ್ರೆ, ಅದರಲ್ಲೇ ಉಂಟು ದಾರಿ” ಎಂಬುದು ಅವರ ಮತ. ಅವಳಿಗೆ ಬಾಯಿಗೆ ಬರುವ ಶ್ಲೋಕವನ್ನೇ ದೊಡ್ಡ ಅಕ್ಷರಗಳಲ್ಲಿ ಬರೆಸಿ, ಗೆರೆಗೆರೆಯನ್ನೂ ರಟ್ಟಿನಲ್ಲಿ ಕತ್ತರಿಸಿದ ಕಿಟಕಿಯೊಳಗೆ ಒಂದೊಂದಾಗಿ ತೋರಿಸುತ್ತ, ನಾನು ನಿಧಾನವಾಗಿ ಹೇಳಿದಂತೆ ಅವಳು ಅಕ್ಷರದ ಕೆಳಗೆ ಬೆರಳು ನಡೆಸಬೇಕು. ತಿಳಿದ ದನಿ ಮುಂದೆ, ತಿಳಿಯದ ಅಕ್ಷರ ಅದರ ಹಿಂದೆ. ಇಂಗ್ಲಿಷಿಗೂ ಅಲ್ಲಿನ ಅಧ್ಯಾಪಿಕೆ ಇದೇ ಕ್ರಮ ಹಿಡಿದರು. ಮೂರು ತಿಂಗಳು ಏನೂ ಆಗಲಿಲ್ಲ. ನಾನು ಕಂಗೆಟ್ಟಾಗ ಮೇಡಂ, “ನಿಮ್ಮ ಪಾಠಶಾಲೆಯಲ್ಲಿ ವ್ಯಾಕರಣ ಎಷ್ಟು ವರ್ಷ?” ಎಂದು ಕೇಳಿದರು. ಹನ್ನೆರಡು ಎಂದೆ. “ಮತ್ತೆ?” ಎಂದು ತಮ್ಮ ಕೆಲಸಕ್ಕೆ ಹೋದರು.

ಓದು ಹಿಂದಿದೆಯೆಂದು ಸಂಜೆಯ ಆಟ ಬಿಡಿಸೋಣವೆಂದು ಮಗ ಹೇಳಿದಾಗ ಮಾತ್ರ ಅವರ ದನಿ ಗಡುಸಾಯಿತು. “ಓದ್ಲಿಕ್ಕೆ ಕಷ್ಟ ಇರುವ ಮಗುವಿಗೆ ಆಟವೂ ಇಲ್ಲ ಅಂದ್ರೆ ಅದು ಶಾಲೆಗೆ ಬರುದಾದ್ರೂ ಯಾಕೆ, ಸರ್?” ಮೊಮ್ಮಗಳು ಥ್ರೋಬಾಲ್ ತಂಡದಲ್ಲಿ ಉಳಿದಳು. ಆ ವರ್ಷ ಮನೆಯಲ್ಲಿ ನಗು ಹೆಚ್ಚಾದದ್ದು ಓದಿನಿಂದಲ್ಲ, ಆ ಚೆಂಡಿನಿಂದ ಎಂಬುದನ್ನು ಒಪ್ಪಿಕೊಳ್ಳಬೇಕು.

ವರ್ಷದ ಕೊನೆಯ ಒಂದು ಗುರುವಾರ ಅವಳು ತಾನೆಂದೂ ಕೇಳದ ನಾಲ್ಕು ಸಾಲುಗಳನ್ನು, ನಾನು ಬಾಯಿ ತೆರೆಯುವ ಮೊದಲೇ, ತಡೆತಡೆದು ಓದಿದಳು. ಎರಡು ಕಡೆ ತಪ್ಪಿದಳು. ನನ್ನ ಜೀವಮಾನದಲ್ಲಿ ಅಷ್ಟು ಸೊಗಸಾದ ತಪ್ಪುಗಳನ್ನು ನಾನು ಕೇಳಿಲ್ಲ. ತಿರುಗಿ ನೋಡಿದರೆ ಮೇಡಂ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು. “ಎಸಿ ಜಾಸ್ತಿ ಇಟ್ಟಿದ್ದಾರೆ ಇಲ್ಲಿ” ಎಂದರು.

ಮೊಮ್ಮಗಳು ಈಗಲೂ ನಿಧಾನವಾಗಿಯೇ ಓದುತ್ತಾಳೆ. ಆದರೆ ಓದುತ್ತಾಳೆ, ಅಂಜದೆ. ಮೇಡಂ ನಿವೃತ್ತರಾಗಿ ಊರಿಗೆ ಮರಳಿದ ಕೆಲವು ವರ್ಷಗಳ ಬಳಿಕ ಅನಾರೋಗ್ಯದಿಂದ ತೀರಿಕೊಂಡರು. ನಾನು ಆಗ ಮೈಸೂರಿನಲ್ಲಿದ್ದೆ. ಫೋನಿನಲ್ಲಿ ತಿಳಿಸಿದವಳು ಮೊಮ್ಮಗಳೇ. ಬಹಳ ಹೊತ್ತು ಅತ್ತು, “ತಾತ, ಅವರಿಗೋಸ್ಕರ ನೀವು ಏನಾದ್ರೂ ಮಾಡ್ತೀರಾ?” ಎಂದು ಕೇಳಿದಳು.

ಬೆಳಗಿನ ಆಹ್ನಿಕ ಮುಗಿದ ಮೇಲೆ ನನ್ನ ಗುರುಗಳನ್ನು ಹೆಸರು ಹಿಡಿದು ಸ್ಮರಿಸಿ ನಮಸ್ಕರಿಸುವುದು ನನ್ನ ನಿಯಮ. ಮೂವರು; ಮೂವರಿಗೂ ಉದ್ದವಾದ ಬಿರುದುಗಳು, ಶಾಸ್ತ್ರಗಳ ಹೆಸರು, ಊರುಗಳ ಹೆಸರು. ಮರುದಿನ ಅವರ ಸಾಲಿನಲ್ಲಿ ನಾಲ್ಕನೆಯವರನ್ನು ಸೇರಿಸಲು ಕೈಮುಗಿದು ನಿಂತೆ. ಆಗ ಹೊಳೆಯಿತು: ಅವರ ತಂದೆ ಯಾರೆಂದು ನಾನು ಕೇಳಿರಲಿಲ್ಲ, ಯಾವ ಬಿರುದನ್ನೂ ಅರಿಯೆ, ಅವರ ಹೆಸರನ್ನು ಕೂಡ ಒಮ್ಮೆಯೂ ನಾನು ಉಚ್ಚರಿಸಿದವನಲ್ಲ. ನನ್ನ ಬಾಯಿಗೆ ಬರುತ್ತಿದ್ದುದು ಒಂದೇ ಪದ. ಅದನ್ನೇ ಹೇಳಿ ತಲೆಬಾಗಿದೆ. ಮೂರು ಸಂಸ್ಕೃತ ನಾಮಗಳ ತರುವಾಯ ‘ಮೇಡಂ’ ಎನ್ನುವಾಗ ಮೊದಮೊದಲು ನಾಲಗೆ ತಡವರಿಸುತ್ತಿತ್ತು. ಈಗ ತಡವರಿಸುವುದಿಲ್ಲ.