ಅತ್ತೆ ತೋರಿಸಿದ ಕಾರ್ಡು

ಎರಡನೆಯ ತರಗತಿಯ ಮಗಳು ಶಾಲೆಯಿಂದ ಕಾರ್ಡುಗಳ ಆಟವೊಂದನ್ನು ತಂದಿದ್ದಳು. ಕೆಲವುಗಳ ಮೇಲೆ ಚಿತ್ರ, ಕೆಲವುಗಳ ಮೇಲೆ ಬರೀ ಹೆಸರು. ಎಲ್ಲವನ್ನೂ ಬೋರಲು ಹಾಕಿ ಎರಡನ್ನು ತಿರುಗಿಸಬೇಕು. ಚಿತ್ರಕ್ಕೆ ಹೆಸರು ಕೂಡಿದರೆ ಜೋಡಿ ನಮ್ಮದು, ಇಲ್ಲದಿದ್ದರೆ ಮತ್ತೆ ಬೋರಲು. ಯಾರ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರೆಂದು ಇವತ್ತಿಗೂ ಹೇಳಬಲ್ಲ ನನಗೆ ಇದೇನು ಮಹಾ ಅನ್ನಿಸಿತು.

ಆದರೆ ಆಳಂದದ ನಮ್ಮ ಓಣಿಯಲ್ಲಿ ಯಾವ ಆಟವೇ ಇರಲಿ, ಆಡುವವರಿಗಿಂತ ನೋಡುವವರ ಬಾಯಿ ಜೋರು. ಹೊರಸಿನ ಮೇಲೆ ಕೂತ ನಮ್ಮತ್ತೆ ಮೊಮ್ಮಗಳಿಗೆ, "ಅದಲ್ಲಬೇ, ಬಾಜೂದು ತಗಿ" ಎನ್ನುತ್ತಿದ್ದರು. ಪ್ರತಿಸಲ ಜೋಡಿ ಕೂಡುತ್ತಿತ್ತು. ನನಗೆ ಸಿಟ್ಟು ಬಂತು.

"ಅತ್ತಿ, ನನಗೂ ಒಂದೀಟು ಹೇಳ್ರಿ. ನಾ ಏನು ಹೊರಗಿನಾಕಿ ಏನ್ರಿ?"

ಆಗಷ್ಟೇ ನಾನು ಆನೆಯ ಚಿತ್ರ ತಿರುಗಿಸಿದ್ದೆ. "ಬಾಗಿಲ ಕಡಿಂದು ತಗಿಬೇ" ಎಂದರು. ಆನೆಯ ಹೆಸರು ಗೋಡೆಯ ಹತ್ತಿರ ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಹಿರಿಯರು ಹೇಳಿದರೆಂದು ಬಾಗಿಲ ಕಡೆಯದನ್ನೇ ಎತ್ತಿದೆ. ಬದನೆಕಾಯಿ ಎಂದಿತ್ತು. ಮರುಗಳಿಗೆಯೇ ಮಗಳು ಆನೆಯ ಜೋಡಿಯನ್ನು ಎತ್ತಿಕೊಂಡಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಈಗ ಆ ಆಟದಲ್ಲಿ ನನ್ನನ್ನು ಯಾರೂ ಸೋಲಿಸಲಾರರು. ಅತ್ತೆ ನನಗೆ ತೋರಿಸಿದ ಕಾರ್ಡೊಂದನ್ನು ಬಿಟ್ಟು ಯಾವುದನ್ನಾದರೂ ಎತ್ತುತ್ತೇನೆ.